ಕುರ್ಚಿಯ ಮೇಲಿನ ಆಯಿ

ಹುಟ್ಟಿಗೂ ಮುಪ್ಪಿಗೂ ಒಂದೇ ಮಡಿಲಾದ ತಾಯೇ, ಯಾವ ಅಳತೆಗೋಲಿಗೂ ಸಿಲುಕದ ಜಗನ್ಮಾತೆಯೇ, ಅಳೆಯಲು ಹೊರಟವಳೊಬ್ಬಳ ಈ ಕಥೆಯನ್ನು ನೀನೇ ನಾಲಗೆಯ ಮೇಲೆ ನಿಂತು ನಡೆಸಿಕೊಡು.

ಬಸ್ಸು ಕುಲುಕಿದಾಗ ತೊಡೆಯ ಮೇಲಿನ ಹಾಳೆಗಳೆಲ್ಲ ರೆಕ್ಕೆ ಬಿಚ್ಚಿದಂತೆ ಎದ್ದು ಮತ್ತೆ ಕುಳಿತವು, ನೇತ್ರಾವತಿ ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು — ನೂರಾ ಹನ್ನೆರಡು ಪ್ರಶ್ನೆಹಾಳೆ, ನೂರಾ ಹನ್ನೆರಡು ಸಲ ಆಯಿಯ ಫೋಟೋ, ಪ್ರತಿಯೊಂದರ ನೆತ್ತಿಯಲ್ಲೂ ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಇಳಕಲ್ ಸೀರೆ, ಪಾದದ ಬಳಿ ಅದೇ ಮಸುಕು, ಝೆರಾಕ್ಸ್ ಅಂಗಡಿಯವನ ಯಂತ್ರದಲ್ಲಿ ಮಸಿ ತೀರಿತ್ತೇನೋ, ಇರಲಿ, ಕಾಲನ್ನು ಯಾರು ನೋಡುತ್ತಾರೆ, ಅಳೆಯಬೇಕಾದದ್ದು ಮುಖವನ್ನು ಕಂಡ ಎಳೆಯರ ಮನಸ್ಸನ್ನು, ಎಂ.ಎ. ಪ್ರಬಂಧಕ್ಕೆ ಅವಳು ಆರಿಸಿಕೊಂಡ ವಿಷಯವೇ ಅದು, ಹರೆಯದವರು ಹಿರಿಯರನ್ನು ಯಾವ ಕಣ್ಣಿನಿಂದ ಕಾಣುತ್ತಾರೆಂಬುದು. ಬರೇ ಪ್ರಶ್ನಿ ಕೇಳಿದ್ರ ಎಲ್ಲಾರೂ ದೇವರಂಥಾ ಉತ್ತರ ಕೊಡ್ತಾರ ನೇತ್ರಾ, ಒಂದು ಫೋಟೋ ತೋರ್ಸಿ ಕೇಳು, ಎಂದಿದ್ದರು ಮಾರ್ಗದರ್ಶಕಿ ಖುರ್ಷಿದಾ ಮೇಡಂ. ಹಾಗಾಗಿ ಅಪ್ಪನ ತಾಯಿ ಫಕೀರಮ್ಮ, ಎಪ್ಪತ್ಮೂರರ ಆಯಿ, ಕುರ್ಚಿಯ ಸಮೇತ ಹಾಳೆಯನ್ನೇರಿದಳು. ಏರುವ ಮುನ್ನ ಕರಾರು ಹಾಕಿದಳು — ಹಂಗಾರ ನಂದೂ ಒಂದು ಪ್ರಶ್ನಿ ಹಾಕು, ಈ ಮುದುಕಿ ಕೊಪ್ಪಳದಿಂದ ಹುಲಿಗಿ ಅವ್ವನ ಗುಡಿತನಕ ನಡದು ಹೋಗ್ತಾಳೋ ಇಲ್ಲೋ, ನಿಮ್ಮಪ್ಪ ಬ್ಯಾಡ ಅಂತಾನ, ನೀ ಬ್ಯಾಡ ಅಂತಿ, ಸಾಲಿ ಕಲ್ತ ಹುಡುಗ್ರು ಏನಂತಾವ ನೋಡೂಣು. ಹೋಗ್ತಾಳ ಅಂದ್ರ ಕಳಸ್ತೀರಿಲ್ಲೋ? ಕಳಸ್ತೀವಿ ಬಿಡು ಆಯಿ, ಎಂದು ಅಪ್ಪನೂ ಅವಳೂ ನಕ್ಕಿದ್ದರು. ನಗೆ ಅಲ್ಲಿಗೆ ಮುಗಿಯಲಿಲ್ಲ, ನಾಳೆ ಹುಣ್ಣಿಮೆ, ಓಣಿಯ ಹೆಂಗಸರು ನಸುಕಿನಲ್ಲೇ ಹುಲಿಗಿಗೆ ನಡೆದು ಹೊರಡುತ್ತಾರೆ, ಮನೆಯಲ್ಲಿ ಆಯಿ ತನ್ನ ಆ ಪ್ರಶ್ನೆಯ, ಹಾಳೆಯಲ್ಲಿ ಒಂಬತ್ತನೆಯದರ, ಉತ್ತರಕ್ಕಾಗಿ ಕಾಯುತ್ತಿದ್ದಾಳೆ.

ಮತ್ತೊಮ್ಮೆ ಎಣಿಸಲೇ, ಎಣಿಸಿದರೆ ಸಂಖ್ಯೆ ಕರಗೀತೇ — ಹಿರಿಯರನ್ನು ಗೌರವಿಸಬೇಕೇ, ಹೌದು, ಹೌದು, ಒಬ್ಬರೂ ತಪ್ಪಿಲ್ಲ. ಅವರ ಆಶೀರ್ವಾದ ಬೇಕೇ, ಹೌದು. ಮನೆಯ ನಿರ್ಧಾರ ಅವರಿಗೆ ಬಿಡಬಹುದೇ, ಇಲ್ಲ. ಹೊಸ ಕೆಲಸ ಕಲಿತಾರೇ, ಇಲ್ಲ. ಚಿತ್ರದಲ್ಲಿರುವ ಈ ತಾಯಿ ಹುಲಿಗಿಗೆ ನಡೆದಾಳೇ, ನೂರಾ ಒಂಬತ್ತು ಇಲ್ಲ, ಮೂರು ಹೌದು. ಹುಡುಗರು ಹಿರಿಯರಿಗೆ ಆರತಿ ಎತ್ತಿದ್ದಾರೆ, ಒಳಗೆ ಕೂರಿಸಿದ್ದಾರೆ, ಬಾಗಿಲಿಗೆ ಅಗುಳಿ ಹಾಕಿದ್ದಾರೆ. ಗುಡಿಯ ದೇವರಿಗಾದರೂ ಹೊರಗೆ ಬರಲು ಪಲ್ಲಕ್ಕಿಯೊಂದುಂಟಲ್ಲ. ಹನುಮೇಶ ಎಂಬ ಹುಡುಗ ಇವತ್ತು ಯಲಬುರ್ಗಾದ ಕಾಲೇಜಿನಲ್ಲಿ ಪೆನ್ನು ಕಚ್ಚುತ್ತ ಕೇಳಿದ, ಅಕ್ಕಾರ, ಈಕಿ ನಿಮ್ಮ ಆಯಿ ಏನ್ರಿ, ಮೂಗು ನಿಮ್ಮಂಗ ಐತಿ. ಅಲ್ಲ, ಎಂದಳು, ಅದು ಸಂಶೋಧನೆಯ ನಿಯಮ, ಉತ್ತರಿಸುವವರಿಗೆ ದಾಕ್ಷಿಣ್ಯ ಹುಟ್ಟಬಾರದು, ಆದರೂ ಅಲ್ಲ ಎಂದ ನಾಲಗೆ ಈಗಲೂ ಒಗರಾಗಿಯೇ ಇದೆ. ಭಾಳ ಹಣ್ಣಾಗ್ಯಾಳ ಬಿಡ್ರಿ, ಎಂದು ಅವನು ಕೊನೆಯ ಖಾಲಿ ಸಾಲಿನಲ್ಲಿ ಬರೆದ, ಪಾಪ, ಕುಂದ್ರಲಿ. ಸಿಟ್ಟು ಬಂತು, ಬಂದ ಸಿಟ್ಟು ಕಟ್ಟಿನ ತಳಕ್ಕೆ ಇಳಿಯಿತು, ತಳದಲ್ಲಿ ಒಂದನೆಯ ಹಾಳೆ, ಪ್ರಶ್ನೆಗಳು ಸರಿಯಿವೆಯೇ ಎಂದು ನೋಡಲು ಅವಳೇ ತುಂಬಿದ್ದು, ಒಂಬತ್ತನೆಯದಕ್ಕೆ ಇಲ್ಲ, ಗುರುತನ್ನು ಎರಡು ಸಲ ತಿದ್ದಿ ದಪ್ಪಗೊಳಿಸಿದ್ದಾಳೆ. ಕೊಡ ಇಳಿಸು ಆಯಿ, ಕಸಬರಿಗಿ ಬಿಡು ಆಯಿ, ಕುಂದ್ರು ಆಯಿ — ಎಷ್ಟು ವರ್ಷದಿಂದ ಹೀಗೆ ಕೂರಿಸುತ್ತಿದ್ದಾಳೆ, ಪ್ರೀತಿಯಿಂದಲೇ, ಅಲ್ಲವೇ, ಪ್ರೀತಿಯಿಂದಲೇ.

ಹುಲಿಗಿಗೆ ಹೋಗುವುದೆಂದರೆ ಬಸ್ಸಿದೆಯಲ್ಲ, ನಡೆದೇ ಯಾಕೆ, ಎಂದರೆ ಆಯಿ ಬಾಗಿಲಾಚೆ ನೋಡುತ್ತಾಳೆ. ಫೋಟೋ ತೆಗೆದ ದಿನವೂ ಬಾಗಿಲಾಚೆಯೇ ನೋಡುತ್ತಿದ್ದಳು, ನಿಂತ್ಕೊಂತೀನಿ ಎಂದವಳನ್ನು, ಕುಂತ್ರ ಛಲೋ ಬರ್ತೈತಿ, ಎಂದು ನೇತ್ರಾವತಿಯೇ ಭುಜ ಒತ್ತಿ ಕೂರಿಸಿದ್ದಳು, ಆಗ ಬಾಗಿಲಲ್ಲಿ ಯಾರೋ — ಯಾರು, ಖುರ್ಷಿದಾ ಮೇಡಂ, ಬಿಸಿಲಲ್ಲಿ ಬಂದು ಹೊಸ್ತಿಲಲ್ಲಿ ನಿಂತಿದ್ದರು. ಮೊಬೈಲ್ ತೆಗೆದು ಮೂಲ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು, ಮುಖ ಸರಿಯಿತು, ಮಡಿಲು ಸರಿಯಿತು, ಪಾದದ ಬಳಿ ಮಸುಕು ಇಲ್ಲಿಯೂ ಇದೆ, ಅದು ಮಸಿಯ ದೋಷವಲ್ಲ, ಎಡಗಾಲಿನ ಹಿಮ್ಮಡಿ, ನೆಲದಿಂದ ಎರಡು ಬೆರಳು ಮೇಲೆ, ಬೆರಳುಗಳು ನೆಲವನ್ನು ಕಚ್ಚಿವೆ, ಚಿತ್ರ ತೆಗೆದ ಅರೆಕ್ಷಣದಲ್ಲಿ ಆಯಿ ಎದ್ದಿದ್ದಳು, ಮೇಡಂ ನಿಂತಾರ, ಅವ್ರು ಕುಂದ್ರಲಿ, ಎನ್ನುತ್ತ.

ಕೈಯಲ್ಲಿದ್ದ ಮೊಬೈಲ್ ನಡುಗಿತು, ಆಯಿಯದೇ ಕರೆ — ಎಲ್ಲಿ ಅದಿ? ಕುಕನೂರ ದಾಟಿನಿ ಆಯಿ. ಏನಂದ್ವು ಹುಡುಗ್ರು? ಸುಳ್ಳೊಂದು ತುದಿನಾಲಗೆಯಲ್ಲಿ ಸಿದ್ಧವಾಗಿತ್ತು, ಅದನ್ನು ನುಂಗಿದಳು, ಭಾಳ ಮಂದಿ ಆಗಂಗಿಲ್ಲ ಅಂದಾರ. ನೀ ಏನು ಬರದಿ? ನಾನೂ ಆಗಂಗಿಲ್ಲ ಅಂತನ ಬರದೀನಿ ಆಯಿ. ಇರ್ಲಿ ಬಿಡು, ಕುಂತಾಕಿನ್ನ ಕಂಡ್ರ ಯಾರಿಗರ ಹಂಗ ಅನಸ್ತೈತಿ. ಆಯಿ, ನಾಳಿ ಎಷ್ಟಕ್ಕ ಹೊಂಡ್ತಾರ? ಐದಕ್ಕ, ಯಾಕ? ಅಪ್ಪಗ ನಾ ಹೇಳ್ತೀನಿ, ನೀ ಹೋಗು, ನಾನೂ ನಿನ್ನ ಜೋಡಿ ಬರ್ತೀನಿ. ನೀನಾ, ಎಂದು ಆಯಿ ನಕ್ಕಳು, ಅಷ್ಟು ದೂರ ನಿನಗ ಆಗತೈತೇನ ಯವ್ವಾ, ನಡುವ ಕುಂತಿ ಅಂದ್ರ ನಾ ಹೊತ್ಕೊಳ್ಳಾಂಗಿಲ್ಲ ನೋಡು.

ಕರೆ ಮುಗಿಯಿತು, ಚಿತ್ರ ಮರಳಿ ಬಂತು. ಹಾಳೆಗಳೆಲ್ಲ ತಪ್ಪೇ, ಮೇಡಂಗೆ ಏನು ಹೇಳಲಿ, ಎಲ್ಲರನ್ನೂ ಮತ್ತೆ ಕೇಳಬೇಕೇ, ನಿಂತ ಚಿತ್ರ ತೋರಿಸಿ ಕೇಳಬೇಕೇ — ತೆರೆಯ ಬೆಳಕು ಕುಂದಿತು, ಮುಟ್ಟಿದಳು, ಹಿಮ್ಮಡಿ. ಮತ್ತೆ ಕುಂದಿತು, ಮತ್ತೆ ಮುಟ್ಟಿದಳು, ನೆಲದಿಂದ ಎರಡು ಬೆರಳು ಮೇಲೆ, ಹಿಮ್ಮಡಿ.

ಇದನ್ನು ಕೇಳಿದ ಎಲ್ಲರ ಹಿಮ್ಮಡಿಗೂ ಕಡೆಯ ಉಸಿರಿನತನಕ ನಡೆಯಲು ದಾರಿಯನ್ನು ಆ ತಾಯಿ ಕರುಣಿಸಲಿ.