ಪುಡಿ ಹತ್ತಿದ ಕೈ

ತೆಂಗಿನ ಮಟ್ಟೆಯ ಉರಿಯಲ್ಲಿ ಕಾಯಿಸಿದ ನೀರು ಬಿದ್ದದ್ದೇ ತಡ, ಗಂಗರಾಜುವಿನ ಬಲಗೈಗೆ ಅಂಟಿದ್ದ ಕಪ್ಪು ಮೊಣಕೈವರೆಗೆ ಹರಡಿತು. ತಮ್ಮನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದ ಗಂಗಾಧರಯ್ಯ ಸೀಗೆಪುಡಿ ಹಾಕಿ ಉಜ್ಜಿದರು. ಕಪ್ಪು ಹೋಗುವ ಬದಲು ಇನ್ನಷ್ಟು ಮೆತ್ತಿಕೊಂಡಿತು.

“ವಿಷಗಿಷ ಏನಾದ್ರೂ ಕುಡ್ಕೊಂಡಿದ್ನೇನೇ?” ಎಂದು ನೆರೆಮನೆಯ ರಂಗಮ್ಮ ಪಕ್ಕದವಳ ಕಿವಿಯಲ್ಲಿ ಕೇಳಿದ್ದು ಅಂಗಳಕ್ಕೆಲ್ಲ ಕೇಳಿಸಿತು. ಸಾವಿನ ಮನೆಯಲ್ಲಿ ಗುಟ್ಟಿನ ಮಾತಿಗೆ ಯಾವಾಗಲೂ ದೊಡ್ಡ ದನಿ.

“ಹಾರ್ಟ್ ಅಟ್ಯಾಕು ಕಣತ್ತೆ,” ಎಂದಳು ಗಂಗರಾಜುವಿನ ಹೆಂಡತಿ ಅನಿತಾ. “ಅದು ಪ್ರಿಂಟರಿಗೆ ತುಂಬೋ ಕಪ್ಪು ಪುಡಿ. ನೆನ್ನೆ ಅಂಗಡೀಲಿ ಕೆಲ್ಸ ಮಾಡ್ತಾನೇ ಬಿದ್ಬುಟ್ರಲ್ಲ.”

ಗೇಟಿನ ಬಳಿ ತೆಂಗಿನ ಮರಕ್ಕೆ ಒರಗಿ ರಯೀಸ್ ನಿಂತಿದ್ದ. ಒಂದು ಕಾಲದ ಪಾಲುದಾರ, ಆಮೇಲೆ ಪಕ್ಕದಂಗಡಿಯ ಎದುರಾಳಿ. ತಿಪಟೂರಿನಿಂದ ಗಂಗರಾಜುವಿನ ಊರು ಬಿಳಿಗೆರೆಗೆ ಬೆಳಗ್ಗೆಯೇ ಬಂದಿದ್ದ. ಅವನನ್ನು ಯಾರೂ ಬಾ ಅಂದಿರಲಿಲ್ಲ, ಹೋಗು ಅಂದೂ ಇರಲಿಲ್ಲ. ಗೆಳೆಯನಿಗೆ ಕೊನೆಗೊಂದು ಚೊಂಬು ನೀರು ಹಾಕಲು ಬಿಟ್ಟರೆ ಸಾಕೆಂದು ಕಾಯುತ್ತಿದ್ದ.

“ಬಿಸಿನೀರು ಬ್ಯಾಡ ಅಣ್ಣ,” ಎಂದ ಅಲ್ಲಿಂದಲೇ. “ಬಿಸಿಗೆ ಪುಡಿ ಕರಗಿ ಹಿಡ್ಕೊಳ್ಳುತ್ತೆ. ತಣ್ಣೀರು ಹಾಕ್ಬೇಕು.”

“ಹೆಣಕ್ಕೆ ತಣ್ಣೀರು ಹಾಕೋ ಪದ್ಧತಿ ನಮ್ಮಲ್ಲಿಲ್ಲ ಕಣಪ್ಪ.” ಗಂಗಾಧರಯ್ಯ ತಿರುಗಿಯೂ ನೋಡಲಿಲ್ಲ. “ಅಂಗಡಿ ಒಡೆದು ಎರಡು ಮಾಡ್ದೋನು ನೀನು. ಈಗ ಬುದ್ಧಿ ಹೇಳಾಕೆ ಬಂದ್ಯಾ?”

*

ತಿಪಟೂರಿನ ತಾಲ್ಲೂಕು ಕಚೇರಿ ಹತ್ತಿರ ಇಬ್ಬರೂ ಸೇರಿ ಅಂಗಡಿ ಇಟ್ಟಿದ್ದರು. ಪ್ರಿಂಟರಿನ ಖಾಲಿ ಕಾರ್ಟ್ರಿಜ್ ತಂದರೆ, ಹೊಸದು ಕೊಳ್ಳುವ ಖರ್ಚು ತಪ್ಪಿಸಿ ಮತ್ತೆ ಓಡುವಂತೆ ಮಾಡಿಕೊಡುವುದು ಕೆಲಸ. ರಯೀಸ್ ತೂತು ಕೊರೆದು, ಪುಡಿ ತುಂಬಿ, ಟೇಪು ಅಂಟಿಸಿ, ಗಿರಾಕಿ ಟೀ ಕುಡಿದು ಬರುವಷ್ಟರಲ್ಲಿ ಕೊಡುತ್ತಿದ್ದ. ಗಂಗರಾಜು ಅದನ್ನೇ ಪೂರ್ತಿ ಬಿಚ್ಚಿ, ಹಳೇ ಪುಡಿ ಊದಿ ತೆಗೆದು, ಅಕ್ಷರ ಮೂಡಿಸುವ ಡ್ರಮ್ಮು, ಪುಡಿ ಒರೆಸುವ ಬ್ಲೇಡು ಸವೆದಿದ್ದರೆ ಬದಲಿಸಿ, ಸಂಜೆಗೆ ಬನ್ನಿ ಅನ್ನುತ್ತಿದ್ದ.

“ಜೆರಾಕ್ಸ್ ಅಂಗಡಿಯೋರು ಸಂಜೆ ತಂಕ ಕಾಯ್ತಾರೇನ್ಲಾ? ಪುಡಿ ತುಂಬಿ ಕಳ್ಸು,” ಅನ್ನುತ್ತಿದ್ದ ರಯೀಸ್.

“ಡ್ರಮ್ಮು ಸವೆದ ಮೇಲೆ ಎಷ್ಟ್ ತುಂಬಿದ್ರೂ ಹಾಳೆ ಮೇಲೆ ಗೆರೆ ಬೀಳುತ್ತೆ ಕಣ್ಲಾ. ಕೊನೆಗೆ ಪ್ರಿಂಟರೇ ಕೆಟ್ಟೋಗುತ್ತೆ. ಅದು ಉಳಿತಾಯನಾ?”

ಆತುರದ ಗಿರಾಕಿಗೆ ರಯೀಸ್ ಸರಿ, ವರ್ಷವಿಡೀ ಬರುವ ಗಿರಾಕಿಗೆ ಗಂಗರಾಜು ಸರಿ. ಆದರೆ ಹಟಕ್ಕೆ ಬಿದ್ದ ಗಂಡಸರಿಗೆ ಇದನ್ನು ಹೇಳುವವರು ಯಾರು? ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಬಂತು. ಆಚೆಯವನ ಕೆಮ್ಮು, ಪುಡಿ ಊದುವ ಬ್ಲೋವರಿನ ಸದ್ದು ಎಲ್ಲ ಕೇಳಿಸಿಕೊಳ್ಳುತ್ತಲೇ ಇಬ್ಬರೂ ಮಾತು ಬಿಟ್ಟು ಕೂತರು.

ನಿನ್ನೆ ಗಂಗರಾಜುವಿನ ಕಡೆ ಬ್ಲೋವರ್ ಓಡುತ್ತಲೇ ಇತ್ತು, ಏನೋ ಧೊಪ್ಪನೆ ಬಿದ್ದ ಸದ್ದಾಯಿತು. ಓಡಿಹೋಗಿ ಎತ್ತಿಕೊಂಡವನು ರಯೀಸೇ. ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತು.

*

“ಭಾವ, ಅವ್ರ ಬಟ್ಟೆ ನಾನೂ ತಣ್ಣೀರಲ್ಲೇ ಒಗೀತಿದ್ದೆ,” ಎಂದಳು ಅನಿತಾ. ತೊಟ್ಟಿಯಿಂದ ಒಂದು ಬಕೆಟ್ ತಣ್ಣೀರು ತುಂಬಿ ತಂದು ರಯೀಸನ ಮುಂದಿಟ್ಟಳು. “ರಯೀಸಣ್ಣ ತುಂಬಿದ್ದು ಗೆರೆ ಬೀಳ್ತಿದೆ ಅಂತ ಗಿರಾಕಿಗಳು ನಮ್ಮಂಗಡಿಗೆ ತರೋರು. ನಮ್ಮನೆಯವ್ರು ‘ರಯೀಸ್ ಕೆಲ್ಸದಲ್ಲಿ ತಪ್ಪಿಲ್ಲ, ಡ್ರಮ್ಮು ಹಳೇದು’ ಅಂತ ಸರಿ ಮಾಡ್ಕೊಟ್ಟು, ಮುಂದಿನ್ ಸಲ ಅವನತ್ರನೇ ಹೋಗಿ ಅನ್ನೋರು. ಒಂದಿನಾನೂ ಆಡ್ಕೊಂಡಿಲ್ಲ. ಬನ್ನಿ ರಯೀಸಣ್ಣ.”

ಗಂಗರಾಜು ತನ್ನನ್ನು ಊರೆಲ್ಲ ಆಡಿಕೊಳ್ಳುತ್ತಾನೆಂದೇ ರಯೀಸ್ ಇಷ್ಟು ದಿನ ನಂಬಿದ್ದ. ನಾಚಿಕೆಯೂ ದುಃಖವೂ ಒಟ್ಟಿಗೆ ಉಕ್ಕಿ ಬಂದವು. ಚಪ್ಪಲಿ ಬಿಟ್ಟು, ಬಕೆಟ್ ಎತ್ತಿಕೊಂಡು ಬಂದು ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತ, ಗೆಳೆಯನ ಬಲಗೈ ಹಿಡಿದು ಒದ್ದೆ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿದ. ಉಗುರಿನ ಸಂದಿಯ ಪುಡಿ ಬಿಟ್ಟುಕೊಂಡಿತು. ಬಿಸಿನೀರು ತಾಗಿದ ಕಡೆ ಮಾತ್ರ ಜಗ್ಗಲಿಲ್ಲ. ಅವನು ಉಜ್ಜುತ್ತಲೇ ಇದ್ದ, ಅಳುತ್ತಲೇ ಇದ್ದ.

ಗಂಗಾಧರಯ್ಯ ಬಿಸಿನೀರಿನ ಚೊಂಬನ್ನು ಕೆಳಗಿಟ್ಟರು. ಪುಡಿ ಮೆತ್ತಿದ್ದ ತಮ್ಮನ ಎಡಗೈಗೆ ಇನ್ನೂ ಬಿಸಿನೀರು ತಾಗಿರಲಿಲ್ಲ. ಅದನ್ನು ಎರಡೂ ಕೈಗಳಲ್ಲಿ ಎತ್ತಿ ರಯೀಸನ ಮುಂದೆ ಹಿಡಿದರು.