ಬಾಯಿಮಾತಿನ ಕರಾರು

ಆಟಗಾರರು ಅವಳಿಗೆ ಇಟ್ಟಿದ್ದ ಹೆಸರು ಕತ್ತರಿಯಕ್ಕ. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಕತ್ತರಿಯಕ್ಕ. ಇದು ಅವಳಿಗೂ ಗೊತ್ತಿತ್ತು. ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಕರಾರು, ಸಂಬಳ ನೋಡಿಕೊಳ್ಳುವವಳನ್ನು ಹೂವಕ್ಕ ಎಂದು ಯಾರು ಕರೆದಾರು ಎಂದು ನಕ್ಕು ಸುಮ್ಮನಾಗುತ್ತಿದ್ದಳು.

ಕೆಲಸ ಹೇಳುವುದಕ್ಕೆ ಸುಲಭ. ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ವರ್ಷಕ್ಕೆ ಇಷ್ಟೇ ಸಂಬಳ ಕೊಡಬಹುದು ಎಂದು ಲೀಗಿನವರು ಮಿತಿ ಹಾಕಿದ್ದರು. ದುಡ್ಡಿದ್ದ ತಂಡ ಇಲ್ಲದ ತಂಡವನ್ನು ನುಂಗಿ ನೀರು ಕುಡಿಯಬಾರದು ಎಂಬ ಉದ್ದೇಶ. ಮಿತಿ ದಾಟಿದರೆ ದಂಡ, ಮೇಲೆ ಗೆದ್ದ ಅಂಕಗಳಲ್ಲೂ ಕಡಿತ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆ ಒಂದೇ, ಕಾಲುಗಳು ಮಾತ್ರ ಇಡೀ ತಂಡದವು. ಒಬ್ಬ ಚಾಚಿದರೆ ಇನ್ನೊಬ್ಬ ಮಡಚಬೇಕು. ಯಾರು ಮಡಚಬೇಕೆಂದು ಹೇಳುವವಳು ಅವಳು.

ಅವಳ ಕೋಣೆ ಕ್ರೀಡಾಂಗಣದ ಗ್ಯಾಲರಿ ಮೆಟ್ಟಿಲುಗಳ ಕೆಳಗಿತ್ತು. ಚಾವಣಿ ಓರೆ, ಗೋಡೆಯ ಕಡೆ ಹೋದರೆ ತಲೆ ತಗ್ಗಿಸಬೇಕು. ಪಂದ್ಯವಿದ್ದ ದಿನ ಜನರ ಕಾಲ್ತುಳಿತಕ್ಕೆ ಮೇಲಿನಿಂದ ಸುಣ್ಣದ ಪುಡಿ ಉದುರಿ ಟೀ ಲೋಟದೊಳಗೆ ಬೀಳುತ್ತಿತ್ತು. ಅಭ್ಯಾಸದ ಮೈದಾನದ ಕಡೆಗೆ ಒಂದು ಕಿಟಕಿ. ಅದರ ಸರಳುಗಳಿಗೆ ಗೋಲ್‌ಕೀಪರ್ ತನ್ನ ಒದ್ದೆ ಕೈಗವಸುಗಳನ್ನು ಒಣಹಾಕಿ ಹೋಗುತ್ತಿದ್ದ. "ನಾರ್ತಾವೆ, ತಗೊಂಡು ಹೋಗು ಮಾರಾಯ" ಎಂದು ಅವಳು ಬೈಯುವುದು, "ಅದು ಬೆವರಲ್ಲ ಅಕ್ಕಾ, ಪರಿಮಳ" ಎಂದು ಅವನು ಅನ್ನುವುದು, ಹಲವು ವರ್ಷಗಳಿಂದ ನಡೆದುಬಂದಿತ್ತು.

ಅವನನ್ನು ಎಲ್ಲರೂ ಅಂಟು ಎನ್ನುತ್ತಿದ್ದರು. ಚೆಂಡು ಕೈಗೆ ಬಂದರೆ ಅಂಟಿಕೊಂಡಂತೆಯೇ. ಅವಳು ಕ್ಲಬ್ಬಿಗೆ ಸೇರಿದ ಮೊದಲ ವರ್ಷ ತಯಾರಿಸಿದ ಮೊದಲ ಕರಾರು ಅವನದೇ. ಅವಳ ಅಪ್ಪ ಆಗ ತಂಡದ ಬಸ್ಸಿನ ಚಾಲಕ. ದೂರದ ಊರುಗಳಿಂದ ಪಂದ್ಯ ಮುಗಿಸಿ ವಾಪಸಾಗುವಾಗ ಮಿಕ್ಕವರೆಲ್ಲ ಗೊರಕೆ ಹೊಡೆದರೆ, ಅಂಟು ಮಾತ್ರ ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತು ಏನಾದರೊಂದು ಹರಟುತ್ತ ಮುದುಕನ ಕಣ್ಣಿಗೆ ನಿದ್ದೆ ಹತ್ತದಂತೆ ನೋಡಿಕೊಳ್ಳುತ್ತಿದ್ದ. ಗಂಡುಮಕ್ಕಳಿಲ್ಲದ ಅಪ್ಪನಿಗೆ ಅವನೆಂದರೆ ಮಗನೇ. ಅವಳಿಗೂ ಅವನು 'ತಮ್ಮಾ' ಆದದ್ದು ಹಾಗೆ.

ಹೀಗಿರುವಾಗ ಎಡಬದಿಯಲ್ಲಿ ಆಡುವ ಒಬ್ಬ ರಕ್ಷಣಾ ಆಟಗಾರನ ಕರಾರು ಮುಗಿಯುವುದಕ್ಕೆ ಬಂತು. ಕಿರಿಯ, ಚುರುಕು, ಬೇರೆ ತಂಡಗಳು ಅವನ ಮೇಲೆ ಕಣ್ಣು ಹಾಕಿದ್ದವು. ಅವನನ್ನು ಉಳಿಸಿಕೊಳ್ಳಬೇಕೆಂದರೆ ಸಂಬಳ ಏರಿಸಬೇಕು, ಏರಿಸಿದರೆ ಮಿತಿ ದಾಟುತ್ತದೆ. ಅವಳು ಹೇಗೆ ಕೂಡಿ ಕಳೆದರೂ ದಾರಿ ಒಂದೇ ಕಾಣಿಸಿತು. ಅಂಟುವನ್ನು ಕರೆಸಿದಳು.

"ಕೂತ್ಕೋ ತಮ್ಮಾ."

"ನೀವು ಕೂತ್ಕೋ ಅಂದ್ರೆ ಭಯ ಆಗತ್ತೆ ಅಕ್ಕಾ. ನಿಂತವರನ್ನ ನೀವು ಕತ್ತರಿಸಲ್ವಂತೆ."

ಅವಳು ನಗಲಿಲ್ಲ. "ನಿನ್ನ ಸಂಬಳದಲ್ಲಿ ಅರ್ಧ ಬಿಟ್ಟುಕೊಟ್ರೆ ಎಡಗಡೆ ಹುಡುಗ ಉಳೀತಾನೆ. ಕೇಳೋದಕ್ಕೆ ನನಗೇ ನಾಚಿಕೆ."

ಅವನು ಹಿಂದೊಮ್ಮೆ ಮುರಿದು ಸೊಟ್ಟಗಾಗಿದ್ದ ಕಿರುಬೆರಳನ್ನು ನೀವಿಕೊಳ್ಳುತ್ತ ಕುಳಿತ. "ನನಗೂ ವಯಸ್ಸಾಯ್ತು. ಇನ್ನೊಂದು ವರ್ಷ ಆಡಿದ್ರೆ ಹೆಚ್ಚು. ಆಮೇಲೆ ಏನು ಮಾಡ್ಲಿ?"

"ಆಮೇಲೆ ಇಲ್ಲೇ ಗೋಲ್‌ಕೀಪರ್‌ಗಳ ಕೋಚ್ ಆಗ್ತೀಯ. ಕೋಚ್‌ಗಳ ಸಂಬಳ ಮಿತಿಯೊಳಗೆ ಬರಲ್ಲ. ಅಧ್ಯಕ್ಷರು ಹೂಂ ಅಂದಿದಾರೆ. ಆದ್ರೆ ಬರೆದುಕೊಡೋಕಾಗಲ್ಲ. ಬರೆದ್ರೆ ಲೀಗಿನವರು ಅದನ್ನೂ ನಿನ್ನ ಈಗಿನ ಸಂಬಳದ ಜೊತೆಗೇ ಸೇರಿಸ್ತಾರೆ. ಹೀಗೆ ಬಾಯಲ್ಲಿ ಹೇಳೋದೂ ನಿಯಮದ ಪ್ರಕಾರ ತಪ್ಪೇ. ಮುಚ್ಚಿಡಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ತಿದೀನಿ."

"ಬರವಣಿಗೆ ಓದೋಕೆ ನನಗೆ ಕನ್ನಡಕ ಬೇಕು" ಎಂದು ಅಂಟು ಪೆನ್ನು ತೆಗೆದುಕೊಂಡ. "ನಿಮ್ಮ ಮಾತಿಗೆ ಬೇಡ. ಎಲ್ಲಿ ಸಹಿ ಹಾಕ್ಲಿ?"

ಅಂದು ಸಂಜೆ ಅವಳು ಹಗುರಾದ ಮನಸ್ಸಿನಿಂದ ಅಪ್ಪನಿಗೆ ಇದನ್ನೆಲ್ಲ ಹೇಳಿದಳು. ಅಪ್ಪ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಿಮ್ಮ ಅಧ್ಯಕ್ಷರಿಗೂ ನನ್ನಷ್ಟೇ ವಯಸ್ಸು, ನೆನಪಿರ್ಲಿ."

ಅಪ್ಪನ ನಾಲಿಗೆಯಲ್ಲಿ ಮಚ್ಚೆ ಇತ್ತೋ ಏನೋ. ಪಂದ್ಯಗಳ ಋತು ಇನ್ನೂ ಅರ್ಧ ಮುಗಿದಿರಲಿಲ್ಲ, ಅಧ್ಯಕ್ಷರು ಕುಳಿತ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅವರ ಮಕ್ಕಳಿಗೆ ಫುಟ್‌ಬಾಲ್ ಬೇಕಿರಲಿಲ್ಲ. ಟೈಲ್ಸ್ ವ್ಯಾಪಾರದಲ್ಲಿ ಹೆಸರು ಮಾಡಿದ್ದ ಒಬ್ಬ ಸಾಹುಕಾರ ಕ್ಲಬ್ಬನ್ನು ಕೊಂಡು ತಾನೇ ಅಧ್ಯಕ್ಷನಾದ. ಕೆಟ್ಟ ಮನುಷ್ಯನಲ್ಲ. ದನಿ ಏರಿಸುತ್ತಿರಲಿಲ್ಲ, ಸಂಬಳ ತಡಮಾಡುತ್ತಿರಲಿಲ್ಲ. ಆದರೆ ಬರುವಾಗಲೇ ತನ್ನ ಜನರನ್ನು ಕರೆತಂದಿದ್ದ; ಅವರಲ್ಲಿ ಗೋಲ್‌ಕೀಪರ್‌ಗಳ ಕೋಚ್ ಕೂಡ ಒಬ್ಬ.

ಋತು ಮುಗಿದು ಅಂಟುವಿನ ಕರಾರಿನ ಅವಧಿಯೂ ತೀರಿದಾಗ ಅವಳು ಹೊಸ ಅಧ್ಯಕ್ಷರ ಮುಂದೆ ಹೋಗಿ ನಿಂತಳು. ಹಳೆಯ ಮಾತನ್ನು ಹೇಳಿದಳು. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಬರವಣಿಗೆಯಲ್ಲಿ ಇದೆಯಾ?"

"ಇಲ್ಲ ಸರ್. ಬರೆಯೋ ಹಾಗಿರಲಿಲ್ಲ."

"ಬರೆದಿದ್ರೆ ನಿಯಮ ಮುರಿದ ಹಾಗೆ. ಬರೆದಿಲ್ಲ ಅಂದ್ರೆ ಮಾತೇ ಇಲ್ಲದ ಹಾಗೆ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ ಅಮ್ಮಾ."

"ಹಾಗಾದ್ರೆ ನಾನು ಕೆಲಸ ಬಿಡಬೇಕಾಗತ್ತೆ ಸರ್."

"ಅದು ನಿಮ್ಮಿಷ್ಟ" ಎಂದರು ಅವರು, ಗೌರವದಿಂದಲೇ.

ಅವಳು ಕೆಲಸ ಬಿಡಲಿಲ್ಲ. ಆ ತಿಂಗಳಲ್ಲೇ ಅರ್ಧ ತಂಡದ ಕರಾರುಗಳು ಹೊಸದಾಗಬೇಕಿದ್ದವು, ನಡುನೀರಿನಲ್ಲಿ ಅವರನ್ನು ಬಿಟ್ಟುಹೋಗುವುದು ಹೇಗೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಕೂದಲು ನರೆತ ಕತ್ತರಿಯಕ್ಕನಿಗೆ ಇನ್ನೊಂದು ಕಡೆ ಕೆಲಸ ಕೊಡುವವರು ಯಾರು ಎಂಬ ಭಯವೂ ಇತ್ತು.

ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಅಂಟುವಿನ ಮನೆಗೆ ಹೋದಳು. ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ ಆಗಷ್ಟೇ ಬಂದು ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕತ್ತರಿಯಕ್ಕ ವಿಷಯ ಹೇಳಿ ಮುಗಿಸಿದಾಗ ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತಿತ್ತು. ಬಟ್ಟೆ ಸುಟ್ಟ ವಾಸನೆ ಬಂದ ಮೇಲೆ ಹೆಂಡತಿ ಅದನ್ನು ಎತ್ತಿದಳು.

"ನಾನು ಅವತ್ತೇ ಬಡ್ಕೊಂಡೆ, ಬರೆಸ್ಕೊಳ್ಳಿ ಅಂತ" ಎಂದಳು ಹೆಂಡತಿ. "ಇವರು ನನ್ನ ಮೇಲೇ ರೇಗಿದ್ರು. ಸ್ವಂತ ಅಕ್ಕನ ಹತ್ರ ಯಾರಾದ್ರೂ ಬರೆಸ್ಕೋತಾರಾ ಅಂದ್ರು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ರು, ಗೊತ್ತಾ ನಿಮಗೆ?"

ಅವಳಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಯೋಚಿಸಿಟ್ಟುಕೊಂಡು ಬಂದಿದ್ದನ್ನು ಹೇಳಿದಳು. "ನೀನು ಲೀಗಿಗೆ ದೂರು ಕೊಡು ತಮ್ಮಾ. ನಾನೇ ಸಾಕ್ಷಿ ಹೇಳ್ತೀನಿ, ಮಾತು ಕೊಟ್ಟಿದ್ದು ನಿಜ ಅಂತ. ನನ್ನ ಕೆಲಸ ಹೋದ್ರೆ ಹೋಗ್ಲಿ. ನೀನು ಬಿಟ್ಟುಕೊಟ್ಟಿದ್ದು ವಾಪಸ್ ಬರಬಹುದು."

"ಕ್ಲಬ್ಬಿಗೆ ಏನಾಗತ್ತೆ?"

"ದಂಡ ಹಾಕ್ತಾರೆ."

"ಅಂಕ ಕಡೀತಾರಾ?"

"ಕಡೀತಾರೆ" ಎಂದಳು ಅವಳು. "ಕೆಳಗಿನ ದರ್ಜೆಗೂ ಬೀಳಬಹುದು."

ಅಂಟು ಬಾಲ್ಕನಿಯ ಬಾಗಿಲಿಗೆ ಒರಗಿ ನಿಂತಿದ್ದ. ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. "ಆ ಎಡಗಡೆ ಹುಡುಗ ಮೊನ್ನೆ ಮನೆ ಸಾಲ ತಗೊಂಡ. ತಂಡ ಕೆಳಗೆ ಬಿದ್ರೆ ಎಲ್ಲರ ಸಂಬಳನೂ ಬೀಳತ್ತೆ. ಅವನು ಇಲ್ಲೇ ಇರ್ಲಿ ಅಂತ ಅರ್ಧ ಬಿಟ್ಟು, ಈಗ ಅವನ ಅನ್ನಕ್ಕೇ ಮಣ್ಣು ಹಾಕ್ಲಾ?"

"ಹಾಕಿ!" ಎಂದಳು ಹೆಂಡತಿ. "ನಮ್ಮ ಅನ್ನಕ್ಕೆ ಅವರು ಹಾಕಲಿಲ್ವಾ?"

"ಬೇಡ" ಎಂದ ಅವನು. ಅಷ್ಟೇ. ಆಮೇಲೆ ತಾನೇ ಹೋಗಿ ಬಾಗಿಲು ತೆಗೆದ. "ಮೆಟ್ಟಿಲಲ್ಲಿ ಲೈಟಿಲ್ಲ. ನೋಡ್ಕೊಂಡು ಇಳೀರಿ ಮೇಡಂ."

ಅವಳು ಮೊದಲ ತಿರುವಿನವರೆಗೂ ಸರಿಯಾಗಿಯೇ ಇಳಿದಳು. ಅಲ್ಲಿಗೆ ಬಂದ ಮೇಲೆ ಆ 'ಮೇಡಂ' ಎಂಬ ಪದ ಮನಸ್ಸಿಗೆ ನಾಟಿತು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕತ್ತಲಲ್ಲಿ ಕಂಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ನಡೆದದ್ದನ್ನು ಅಪ್ಪನಿಗೆ ಹೇಳಿದಳು. ಹೊಸ ಋತು ಶುರುವಾದ ಮೇಲೆ ಅಪ್ಪ ಕ್ರೀಡಾಂಗಣದ ಕಡೆ ತಲೆ ಹಾಕಲಿಲ್ಲ. ಭಾನುವಾರ ಬಂತೆಂದರೆ ಫ್ಲಾಸ್ಕಿಗೆ ಟೀ ತುಂಬಿಸಿಕೊಂಡು, "ಹಳೇ ಡ್ರೈವರ್‌ಗಳೆಲ್ಲ ಸೇರ್ತೀವಿ" ಎಂದು ಹೊರಡುತ್ತಿದ್ದರು. ಸಂಜೆ ಬರುವಾಗ ಚಪ್ಪಲಿ ತುಂಬ ಕೆಂಪು ಧೂಳು. ಆ ಬಣ್ಣದ ಧೂಳು ಊರಲ್ಲಿರಲಿಲ್ಲ. ಅವಳು ಹಲವು ವಾರ ನೋಡಿಯೂ ನೋಡದಂತೆ ಇದ್ದು, ಕೊನೆಗೊಂದು ದಿನ ಕೇಳಿದಳು.

"ಅಂಟು ಆಟ ನೋಡೋಕೆ ಹೋಗ್ತೀನಿ" ಎಂದರು ಅಪ್ಪ.

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಒಂದು ಮಾತು ಕೇಳಬಾರದಿತ್ತಾ? ಅವನು ಎಲ್ಲಿದಾನೆ ಅಂತ?"

ತನ್ನ ತಂಡಕ್ಕೆ ಪಂದ್ಯವಿಲ್ಲದ ಒಂದು ಭಾನುವಾರ ಅವಳೂ ಅಪ್ಪನ ಜೊತೆ ಬಸ್ಸು ಹತ್ತಿದಳು. ಎರಡು ಬಸ್ಸು ಬದಲಿಸಿ, ಇಟ್ಟಿಗೆ ಗೂಡುಗಳ ಪಕ್ಕದ ಒಂದು ಸಣ್ಣ ಊರಲ್ಲಿ ಇಳಿದರು. ತಗಡಿನ ಬೇಲಿ, ಹುಲ್ಲು ಕಿತ್ತುಹೋದ ಮೈದಾನ, ಒಂದು ಬದಿಗೆ ನಾಲ್ಕಾರು ಬೆಂಚು. ಅಂಟು ಆ ಊರಿನ ತಂಡದ, ಯಾರದೋ ಅಳತೆಯ ಸಡಿಲ ಅಂಗಿ ಹಾಕಿಕೊಂಡು ಗೋಲಿನಲ್ಲಿ ನಿಂತಿದ್ದ. ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಎದುರು ತಂಡದವರಿಗೂ ತಿಳಿದಿತ್ತು. ಅವರು ಆ ಕಡೆಗೇ ಎತ್ತರಕ್ಕೆ ಹೊಡೆಯುತ್ತಿದ್ದರು.

ಮೂರನೆಯ ಗೋಲು ಅವನ ಕೈಯಿಂದಲೇ ಜಾರಿ ಒಳಗೆ ಹೋಯಿತು. "ಏನಣ್ಣಾ ಅಂಟು, ಎಣ್ಣೆ ಹಚ್ಕೊಂಡು ಬಂದಿದೀಯಾ?" ಎಂದು ಬೇಲಿಯ ಬಳಿ ಯಾರೋ ಕೂಗಿದರು. ಸುತ್ತಲಿದ್ದವರು ನಕ್ಕರು. ಅಪ್ಪ ಮಂಡಿ ಹಿಡಿದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಬ್ಬರೇ, ನಗು ನಿಲ್ಲುವವರೆಗೂ.

ಪಂದ್ಯ ಮುಗಿದ ಮೇಲೆ ಅಂಟು ನೇರ ಅವರ ಬಳಿ ಬಂದ. "ಡ್ರೈವರಪ್ಪಾ, ಮಂಡಿ ಹೇಗಿದೆ?" ಎಂದು ಫ್ಲಾಸ್ಕ್ ತೆಗೆದುಕೊಂಡ. ಅವಳನ್ನು ಕಂಡು ತಲೆ ಬಾಗಿಸಿದ.

"ಹೇಗಿದೀಯ ತಮ್ಮಾ?"

"ಚೆನ್ನಾಗಿದೀನಿ ಮೇಡಂ. ಈ ಋತು ಮುಗಿಸಿ ನಿಲ್ಲಿಸ್ತೀನಿ. ಕ್ರೀಡಾ ಸಾಮಾನಿನ ಅಂಗಡಿಯವರು ಬಾ ಅಂದಿದಾರೆ." ಫ್ಲಾಸ್ಕಿನಿಂದ ಲೋಟಕ್ಕೆ ಟೀ ಬಗ್ಗಿಸಿಕೊಂಡ. ಆಮೇಲೆ ಮುಖ ಸಡಿಲವಾಯಿತು. "ನಮ್ಮ ಎಡಗಡೆ ಹುಡುಗ ಚೆನ್ನಾಗಿ ಆಡ್ತಿದಾನಲ್ಲ? ಟಿವಿಯಲ್ಲಿ ಒಂದು ಪಂದ್ಯನೂ ಬಿಡಲ್ಲ ನಾನು. ಇನ್ನು ಎರಡು ವರ್ಷಕ್ಕೆ ತಂಡದ ನಾಯಕ ಆಗ್ತಾನೆ, ನೋಡ್ತಾ ಇರಿ."

ಅವಳು ಬೇಲಿಯ ತಗಡನ್ನು ಹಿಡಿದುಕೊಂಡಳು. ಆ ಹುಡುಗನನ್ನು ಬೇರೆ ತಂಡಕ್ಕೆ ಮಾರುವ ಕಾಗದಪತ್ರಗಳನ್ನು ಅವಳು ಶುಕ್ರವಾರವಷ್ಟೇ ಮುಗಿಸಿದ್ದಳು. ಸಾಹುಕಾರರಿಗೆ ಒಳ್ಳೆಯ ಬೆಲೆ ಬಂದಿತ್ತು. ಬುಧವಾರ ಸುದ್ದಿ ಹೊರಬೀಳಲಿತ್ತು. ಅಲ್ಲಿಯವರೆಗೆ ಬಾಯಿಬಿಡುವಂತಿಲ್ಲ. ಆದರೆ ಇವನು ಅದನ್ನು ಟಿವಿ ನೋಡಿ ತಿಳಿದುಕೊಳ್ಳುವುದು ಅವಳಿಗೆ ಬೇಡವಾಗಿತ್ತು.

"ಅವನು ಹೋಗ್ತಿದಾನೆ" ಎಂದಳು. "ಮಾರಿದ್ರು. ಇನ್ನು ಎರಡು ಮೂರು ದಿನಕ್ಕೆ ಗೊತ್ತಾಗತ್ತೆ. ನಾನೇ ಹೇಳಬೇಕು ಅನ್ನಿಸ್ತು."

ಅಂಟು ಲೋಟವನ್ನು ನೋಡುತ್ತ ನಿಂತ. ಅಪ್ಪ ಅತ್ತ ತಿರುಗಿ ಇಟ್ಟಿಗೆ ಗೂಡಿನ ಹೊಗೆ ನೋಡತೊಡಗಿದರು.

"ಒಳ್ಳೆ ಸಂಬಳನಾ ಅವನಿಗೆ?" ಎಂದು ಕೇಳಿದ ಅಂಟು ಕೊನೆಗೆ.

"ಇಲ್ಲಿಗಿಂತ ಎರಡರಷ್ಟು."

"ಸಾಲ ತೀರತ್ತೆ ಹಾಗಾದ್ರೆ." ಲೋಟದಲ್ಲಿ ಉಳಿದಿದ್ದ ಟೀಯನ್ನು ನೆಲಕ್ಕೆ ಚೆಲ್ಲಿ, ಲೋಟ ಒರೆಸಿ ಅಪ್ಪನಿಗೆ ಕೊಟ್ಟ. "ಬರ್ತೀನಿ ಡ್ರೈವರಪ್ಪಾ. ಬರ್ತೀನಿ ಮೇಡಂ." ಭುಜವನ್ನು ಇನ್ನೊಂದು ಕೈಯಿಂದ ಆನಿಸಿಕೊಂಡು ಮೈದಾನ ದಾಟಿ ಹೋದ.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಅತ್ತಳು. ಅಪ್ಪ ಕಿಟಕಿಯ ಪಕ್ಕ ಕುಳಿತು ಚಾಲಕ ಗೇರು ಬದಲಿಸುವುದನ್ನೇ ಗಮನಿಸುತ್ತಿದ್ದರು.

"ಅವನು ಕ್ಷಮಿಸಲ್ಲ ಅನ್ಸತ್ತೆ ಅಪ್ಪಾ."

"ಕ್ಷಮಿಸದೇ ಇರಬಹುದು" ಎಂದರು ಅಪ್ಪ. "ಅದಕ್ಕೋಸ್ಕರ ಬರೋದಾದ್ರೆ ಬರಬೇಡ. ಆಟ ನೋಡೋಕೆ ಬಾ."

ಬಿಡುವಿದ್ದ ಭಾನುವಾರಗಳಲ್ಲೆಲ್ಲ ಅವಳು ಹೋದಳು. ಅವನು ಪ್ರತಿ ಸಲವೂ ಬೇಲಿಯ ಹತ್ತಿರ ಬಂದು ಮಾತಾಡಿಸಿದ, ಮಗಳ ಓದು, ಹೆಂಡತಿಯ ಕೆಲಸ, ಭುಜದ ನೋವು ಎಲ್ಲ ಹೇಳಿದ. ಎಡಗಡೆ ಹುಡುಗನ ಹೆಸರು ಮಾತ್ರ ಮತ್ತೆ ಎತ್ತಲಿಲ್ಲ.

ಋತುವಿನ ಕೊನೆಯ ಪಂದ್ಯಕ್ಕೆ ಅವನ ಭುಜ ಕೈಕೊಟ್ಟಿತು, ಆಡಿಸಲಿಲ್ಲ. ಅಂಗಿಯ ಮೇಲೆ ಜಾಕೆಟ್ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕುಳಿತಿದ್ದ. ಅವನ ತಂಡ ಆ ದಿನ ಗೆದ್ದಿತಂತೆ. ಅಪ್ಪನಿಗೂ ಮಗಳಿಗೂ ಅದು ಗೊತ್ತಾದದ್ದು ಜನ ಕೇಕೆ ಹಾಕಿದ ಮೇಲೆಯೇ. ಅವರಿಬ್ಬರೂ ಅಷ್ಟು ಹೊತ್ತೂ ಬೆಂಚನ್ನೇ ನೋಡುತ್ತ ಕುಳಿತಿದ್ದರು.