ಮುಂಬೈಗೊಂದು, ಬೆಂಗಳೂರಿಗೊಂದು

ಅಥಣಿಯ ಆ ಅಂಗಡಿಯಲ್ಲಿ ಸೋನಾಬಾಯಿಗೆ ಕೂರಲು ಸ್ಟೂಲು ಕೊಟ್ಟರು, ಕುಡಿಯಲು ಚಹಾ ಕೊಟ್ಟರು, ಕಿವಿಯನ್ನು ಮಾತ್ರ ಯಾರೂ ಕೊಡಲಿಲ್ಲ.

ಬೇಕಾದದ್ದನ್ನು ಅವಳು ಮನೆಯಲ್ಲೇ ಚೀಟಿಯಲ್ಲಿ ಬರೆದು ತಂದಿದ್ದಳು. ಎರಡು ಅಡಿಯ ಡಿಶ್ ಒಂದು. ಅದರ ಎದುರಿಗೆ ಕೂರಿಸುವ, ಅಲೆ ಹಿಡಿಯುವ ಎಲ್‌ಎನ್‌ಬಿ, ಒಂದೇ ಟೀವಿಗೆ ತಂತಿ ಕೊಡುವ ಒಂದೇ ಬಾಯಿಯದು. ಫ್ರೀ ಡಿಶ್‌ನ ಹೊಸ ಚಾನೆಲ್ಲುಗಳನ್ನೂ ಹಿಡಿಯುವ ಬಾಕ್ಸು. ತಾಮ್ರದ ತಂತಿಯ ಕೇಬಲ್ಲು, ಹದಿನೈದು ಮೀಟರ್. ಮೂವತ್ತಾರು ವರ್ಷಗಳ ಹಿಂದೆ ಸಾಂಗಲಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡುವಾಗ ಪ್ರಯೋಗದ ವಹಿಯಲ್ಲಿ ಬರೆಯುತ್ತಿದ್ದಂತೆಯೇ, ಪ್ರತಿ ಸಾಲಿನ ಕೆಳಗೆ ಪಟ್ಟಿ ಹಿಡಿದು ಗೆರೆ ಎಳೆದಿದ್ದಳು. ಗಂಡ ರಾವಸಾಹೇಬ ಆ ಚೀಟಿಯನ್ನು ಎರಡು ಮಡಿಕೆ ಮಾಡಿ ತನ್ನ ಚಹಾದ ಕಪ್ಪಿನ ಕೆಳಗಿಟ್ಟ. ಮೇಜಿಗೆ ಕಲೆಯಾಗಬಾರದಲ್ಲ.

"ಸಾವಕಾರ್ರ, ನಿಮ್ಮೂರು ಕಾಗವಾಡ, ಅಂದ್ರ ಗಡಿ," ಎಂದ ಅಂಗಡಿಯ ವಿರುಪಾಕ್ಷಪ್ಪ. "ಗಡಿ ಮಂದಿಗಿ ಒಂದ ಡಿಶ್ ಛತ್ರಿ ಸಾಲಂಗಿಲ್ರಿ. ಕನ್ನಡಕ್ಕ ಬೆಂಗಳೂರ ಕಡೆ ಒಂದು, ಮರಾಠಿಗಿ ಮುಂಬೈ ಕಡೆ ಒಂದು."

ರಾವಸಾಹೇಬನ ಮುಖ ಅರಳಿತು. ಹುಡುಗನಾಗಿದ್ದಾಗ ಅವನು ಮನೆಯ ಮೇಲೆ ಹತ್ತಿ ಅಂಟೆನಾ ತಿರುಗಿಸುತ್ತಿದ್ದವನು. ಕೊಲ್ಲಾಪುರದ ಕಡೆ ತಿರುಗಿಸಿದರೆ ಮರಾಠಿ ಬರುತ್ತಿತ್ತು, ಇತ್ತ ತಿರುಗಿಸಿದರೆ ಬರೀ ಹಿಟ್ಟು ಜರಡಿ ಹಿಡಿದಂತೆ ಕಾಣುತ್ತಿತ್ತು. ಜೀವನದಲ್ಲಿ ಅವನು ಮಾಡಿದ ವೈಜ್ಞಾನಿಕ ಸಂಶೋಧನೆ ಅದೊಂದೇ. ಅದನ್ನು ನಲವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ.

"ಬರೋಬ್ಬರಿ ಹೇಳಿದ್ರಿ. ನನ್ನ ಅನುಭವನೂ ಅದ ಐತಿ."

"ಎರಡೂ ಒಂದ ಉಪಗ್ರಹದಿಂದ ಬರ್ತಾವ್ರಿ," ಎಂದಳು ಸೋನಾಬಾಯಿ. "ಅದು ಮುಂಬೈದಾಗೂ ಇಲ್ಲ, ಬೆಂಗಳೂರಾಗೂ ಇಲ್ಲ. ಭೂಮಧ್ಯರೇಖೆ ಮ್ಯಾಲ ಮೂವತ್ತಾರ ಸಾವಿರ ಕಿಲೋಮೀಟರ್ ಎತ್ತರದಾಗ ಐತಿ."

ವಿರುಪಾಕ್ಷಪ್ಪ ರಾವಸಾಹೇಬನನ್ನು ನೋಡಿ ನಕ್ಕ. "ಅಕ್ಕಾರ, ಅಷ್ಟ ಎತ್ತರಕ್ಕ ನಮ್ಮ ಕೇಬಲ್ ಮುಟ್ಟಂಗಿಲ್ರಿ."

ಜೊತೆಗೆ ಬಂದಿದ್ದ ಮೈದುನನ ಮಗ ಸಂಗ್ರಾಮ ಹೊಟ್ಟೆ ಹಿಡಿದುಕೊಂಡು ನಕ್ಕ. ಮದುವೆಗಳಿಗೆ ಡಿಜೆ ಬಾಡಿಗೆಗೆ ಕೊಡುವವನು ಅವನು. ತಂತಿ ಕಂಡಲ್ಲೆಲ್ಲ ತಾನು ಪಂಡಿತನೆಂದು ತಿಳಿದಿದ್ದ. "ಕಾಕಾ, ಛತ್ರಿ ನಾಕ ಫೂಟಿಂದ ತಗೋರಿ. ಎಲ್‌ಎನ್‌ಬಿ ನಾಕ ಬಾಯಿದ ಇರಲಿ."

"ನಮ್ಮಲ್ಲಿ ಟೀವಿ ಎಷ್ಟ ಅದಾವ?" ಎಂದಳು ಸೋನಾಬಾಯಿ.

"ಒಂದ."

"ಮತ್ತ ನಾಕ ಬಾಯಿ ಯಾರಿಗಿ?"

"ಮುಂದ ಬೇಕಾಗ್ತಾವ್ರಿ ಕಾಕು."

ಅಂಗಡಿಯಲ್ಲಿ ಆಗಲೇ ಬೇಡದ ಬಾಯಿ ಮೂರಿದ್ದವು.

"ಬಾಪುಸಾಹೇಬಂದು ಎರಡ ಫೂಟಿಂದು," ಎಂದ ರಾವಸಾಹೇಬ. "ನಮ್ಮದೂ ಅಷ್ಟ ಇದ್ರ ಏನ ಕಿಮ್ಮತ್ತ ಉಳೀತು? ಸೋನಾ, ನೀ ಸುಮ್ನಿರು. ಇದು ಗಂಡಸರ ಖರೀದಿ."

ಈ ಖರೀದಿ ಹುಟ್ಟಿದ್ದೇ ಬಾಪುಸಾಹೇಬನಿಂದ. ಅವನದು ಪಕ್ಕದ ತೋಟ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ತನ್ನ ಶೆಡ್ಡಿನಲ್ಲಿ ಅವನು ಈ ವರ್ಷ ಟೀವಿ ಹಚ್ಚಿದ್ದ. ಮಣೂಕ ಆರಿಸಲು ಪ್ರತಿ ವರ್ಷ ಇಪ್ಪತ್ತೆರಡು ಹೆಂಗಸರನ್ನು ಕರೆತರುವ ಜುಬೇದಾ ಅದನ್ನು ನೋಡಿಕೊಂಡು ಸೀದಾ ಸೋನಾಬಾಯಿಯ ಬಳಿ ಬಂದಿದ್ದಳು.

"ವೈನಿ, ಮುಚ್ಚಿಡೂದು ಯಾಕ. ಎಂಟ ತಾಸ ತಲಿ ತಗ್ಗಿಸಿ ಕಾಳ ಆರಿಸ್ತೀವಿ, ನಡುನಡುವ ಕುತಗಿ ಎತ್ತಾಕ ಏನರ ಬೇಕಲ್ರಿ. ನಮ್ಮಾಗ ಅರ್ಧ ಮಂದಿಗಿ ಕನ್ನಡ ಧಾರಾವಾಹಿ ಬೇಕು, ಅರ್ಧ ಮಂದಿಗಿ ಮರಾಠಿ. ಹದಿಮೂರನೇ ತಾರೀಖಿಗಿ ನಿಮ್ಮಲ್ಲಿ ಟೀವಿ ಚಾಲೂ ಇದ್ರ ಇಲ್ಲೇ ಕುಂಡ್ರತೀವಿ. ಇಲ್ಲಂದ್ರ ಬಾಪುಸಾಹೇಬರ ಟೆಂಪೋ ಹತ್ತತೀವಿ. ಸಿಟ್ಟಾಗಬ್ಯಾಡ್ರಿ."

ಸೋನಾಬಾಯಿಗೆ ಸಿಟ್ಟು ಬರಲಿಲ್ಲ. ಹೇಳಬೇಕಾದದ್ದನ್ನು ತಾರೀಖಿನ ಸಮೇತ ಹೇಳುವವರು ಅವಳ ಪಾಲಿಗೆ ಅಪರೂಪ. ಶೆಡ್ಡಿನ ಬಲೆಗಳ ಮೇಲೆ ನಾಲ್ಕು ಟನ್ ಮಣೂಕ ಒಣಗಿ ನಿಂತಿತ್ತು. ದ್ರಾಕ್ಷಿ ಅದ್ದುವ ದ್ರಾವಣ ಅಳೆದು ಕಲಸಿದವಳು ಅವಳು, ಹದಿನೈದು ದಿನ ಬಿಸಿಲು ಗಾಳಿ ನೋಡಿಕೊಂಡವಳೂ ಅವಳು. ಇನ್ನು ನಾಲ್ಕೈದು ದಿನ ಬಲೆಯ ಮೇಲೆಯೇ ಬಿಟ್ಟರೆ ಹಸಿರು ಹೊಂಬಣ್ಣ ಹೋಗಿ ತಂಬಾಕಿನ ಬಣ್ಣಕ್ಕೆ ತಿರುಗುತ್ತದೆ. ನಡುವೆ ಅಕಾಲದ ಮಳೆಯೊಂದು ಹೊಡೆದರೆ ಆ ಬಣ್ಣವೂ ಉಳಿಯುವುದಿಲ್ಲ. ತೋಟದಲ್ಲಿ ಕೇಬಲ್ ಇಲ್ಲ, ಮೊಬೈಲಿನ ಸಿಗ್ನಲ್ ಮರ ಹತ್ತಿದರೆ ಮಾತ್ರ. ಉಳಿದದ್ದು ದೂರದರ್ಶನದ ಪುಕ್ಕಟೆ ಫ್ರೀ ಡಿಶ್.

ಗಂಡಸರು ನಾಲ್ಕಡಿಯ ಎರಡು ಛತ್ರಿಗಳನ್ನು ಮದುಮಕ್ಕಳಂತೆ ಜೀಪಿಗೆ ಏರಿಸುತ್ತಿದ್ದಾಗ ಸೋನಾಬಾಯಿ ಸ್ಟೂಲಿನಿಂದ ಎದ್ದಳು. ಕಪ್ಪಿನ ಕೆಳಗಿನ ಚೀಟಿ ತೆಗೆದು ವಿರುಪಾಕ್ಷಪ್ಪನ ಮುಂದೆ ಹಿಡಿದಳು.

"ಇದರಾಗಿನ ಡಿಶ್, ಎಲ್‌ಎನ್‌ಬಿ, ಕೇಬಲ್ ಬ್ಯಾರೆ ಕಟ್ಟಿ ಕೊಡ್ರಿ. ಒಂದ ಪಾನಾನೂ ಹಾಕ್ರಿ, ನಟ್ಟ ಬಿಗಿ ಮಾಡಾಕ."

"ಈ ಸಣ್ಣದು ಯಾತಕ್ಕ ಅಕ್ಕಾರ?"

"ದ್ರಾಕ್ಷಿ ತೊಳ್ಯಾಕ."

ಅವನು ನಂಬಿದ. ಹೆಂಗಸು ಹೇಳಿದ್ದರಲ್ಲಿ ಅವನು ಅಂದು ನಂಬಿದ ಮಾತು ಅದೊಂದೇ.

ಹನ್ನೆರಡನೇ ತಾರೀಖು ಗಂಡಸರದು. ಸಂಗ್ರಾಮ ಶೆಡ್ಡಿನ ಮೇಲೆ, ರಾವಸಾಹೇಬ ಒಳಗೆ ಟೀವಿಯ ಮುಂದೆ. ಮುಂಬೈಯ ಛತ್ರಿ ವಾಯುವ್ಯಕ್ಕೆ ಮುಖ ಮಾಡಿ ಮಿರಜದ ಕಡೆಯ ಲಾರಿಗಳನ್ನು ಎಣಿಸುವಂತೆ ನಿಂತಿತು. ಬೆಂಗಳೂರಿನದು ಆಗ್ನೇಯಕ್ಕೆ. ಅದರ ದಿಕ್ಕು ತಪ್ಪಿದ್ದು ಹತ್ತು ಹದಿನೈದು ಡಿಗ್ರಿ ಮಾತ್ರ ಎಂಬುದನ್ನು ಕಂಡು ಸೋನಾಬಾಯಿಗೆ ರೇಗಿತು. ಏನೂ ತಿಳಿಯದವರಿಗೆ ಅಷ್ಟೊಂದು ಅದೃಷ್ಟ ಇರಬಾರದು. ಆದರೆ ಬೆಂಗಳೂರು ನೆಲದ ಮೇಲಿರುವ ಊರಲ್ಲವೇ? ಹಾಗಾಗಿ ಅವರು ಛತ್ರಿಯನ್ನು ಆಕಾಶಕ್ಕೆ ಎತ್ತದೆ ನೆಟ್ಟಗೆ ನಿಲ್ಲಿಸಿದ್ದರು, ಬೇಲಿಯಾಚೆಯ ಕಬ್ಬು ನೋಡುವಂತೆ.

"ಬಂತೇನ್ರಿ ಕಾಕಾ?"

"ಇಲ್ಲಲೇ!"

"ಈಗ?"

"ಇಲ್ಲಲೇ!"

ಈ ಸಂಭಾಷಣೆ ಊಟದ ಹೊತ್ತು ಬಿಟ್ಟು ಸಂಜೆಯವರೆಗೆ ನಡೆಯಿತು. ನಡುವೆ ಸೋನಾಬಾಯಿ ಒಮ್ಮೆ, "ಮ್ಯಾಲ ಎತ್ತರಿ, ಅರವತ್ತ ಡಿಗ್ರಿ," ಎಂದಳು. "ಕಾಕು, ಮಳಿ ನೀರ ತುಂಬತೈತಿ," ಎಂದ ಸಂಗ್ರಾಮ. ಕೊನೆಗೆ ಸಂಗ್ರಾಮ ಮರ ಹತ್ತಿ ಅಂಗಡಿಗೆ ಫೋನು ಮಾಡಿದ. ವಿರುಪಾಕ್ಷಪ್ಪ ಆ ಕಡೆಯಿಂದ ಬಹಳ ಯೋಚಿಸಿ, ಬಹುಶಃ ದಿಲ್ಲಿಯ ಕಡೆಗೊಂದು ಬೇಕಾಗಿತ್ತೇನೋ ಎಂದ. ರಾವಸಾಹೇಬ ಅದನ್ನೂ ಗಂಭೀರವಾಗಿ ಕೇಳಿಸಿಕೊಂಡ.

ಸೋನಾಬಾಯಿ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕುತ್ತಿದ್ದಳು. ಉಪಗ್ರಹದ ರೇಖಾಂಶ ಗೊತ್ತಿತ್ತು, ಊರಿನದೂ ಗೊತ್ತಿತ್ತು. ದಕ್ಷಿಣದಿಂದ ಪೂರ್ವಕ್ಕೆ ಐವತ್ತು ಡಿಗ್ರಿ, ಮೇಲಕ್ಕೆ ಅರವತ್ತೊಂದು. ಬರೆದ ಮೇಲೆ ಪೆನ್ನು ಹಾಗೆಯೇ ನಿಂತಿತು. ಮಾರ್ಚ್ ನಡುವಿನಲ್ಲಿ ಸೂರ್ಯನೂ ಅದೇ ದಾರಿಯಲ್ಲಿ ಹೋಗುತ್ತಾನಲ್ಲ? ಮತ್ತೆ ಲೆಕ್ಕ ಹಾಕಿದಳು. ನಾಳೆ, ಹದಿಮೂರಕ್ಕೆ, ಹನ್ನೊಂದು ಗಂಟೆ ಹದಿಮೂರು ನಿಮಿಷಕ್ಕೆ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಕಣ್ಣಿಗೆ ಕಾಣದ ವಸ್ತುವಿನ ಹಿಂದೆ ಯಾರೋ ದೀಪ ಹಿಡಿದು ನಿಂತಂತೆ. ಮೂರನೆಯ ಸಲವೂ ಅದೇ ಉತ್ತರ ಬಂದಾಗ ಅವಳಿಗೆ ಕಾಲೇಜಿನ ಪ್ರಯೋಗಾಲಯದ ಸ್ಪಿರಿಟ್ಟಿನ ವಾಸನೆ ಬಂದಂತಾಯಿತು. ಹೊರಗೆ ರಾವಸಾಹೇಬ, "ಚಹಾ ಆತೇನು?" ಎಂದು ಕೂಗಿದ. ಕ್ಯಾಲೆಂಡರನ್ನು ಮೊಳೆಗೆ ತಗುಲಿಹಾಕಿ ಚಹಾಕ್ಕೆ ನೀರಿಟ್ಟಳು.

ಮರುದಿನ ಹತ್ತೂವರೆಗೆ ಜುಬೇದಾಳ ಹೆಂಗಸರು ಬಂದು ಅಂಗಳದಲ್ಲಿ ನಿಂತರು. ಅವರ ಹಿಂದೆಯೇ ಬಾಪುಸಾಹೇಬನ ಟೆಂಪೋ ಬಂದು ರಸ್ತೆಯಲ್ಲಿ ನಿಂತಿತು. ಅದರ ಡ್ರೈವರ್ ಮಲಕಾರಿ ಎಂಜಿನ್ ಆರಿಸಲಿಲ್ಲ. ಅಷ್ಟು ಖಾತ್ರಿ ಅವನಿಗೆ. ಶೆಡ್ಡಿನ ಮೇಲೆ ಸಂಗ್ರಾಮ ಮುಂಬೈಯನ್ನು ಪುಣೆಯ ಕಡೆಗೆ ಸರಿಸುತ್ತಿದ್ದ.

ಸೋನಾಬಾಯಿ ಎರಡಡಿಯ ಡಿಶ್ಶನ್ನು ಹೊರತಂದು, ಅದ್ದುವ ತೊಟ್ಟಿಯ ಕಟ್ಟೆಗೆ ಬಿಗಿದ ಕಂಬದ ಮೇಲೆ ಕೂರಿಸಿದಳು. ಆಕಾಶ ಅಂಗಳದಿಂದಲೂ ಅಷ್ಟೇ ಕಾಣುತ್ತದೆ. ಒಳಗೆ ಹೋಗಿ, ಗಂಡಸರು ತಂದಿದ್ದ ಬಾಕ್ಸಿನಿಂದ ಅವರ ಕೇಬಲ್ಲು ಕಿತ್ತು ತನ್ನದನ್ನು ಸಿಕ್ಕಿಸಿ ಬಂದಳು.

"ಜುಬೇದಾ, ನಿನ್ನ ಚೀಲಕ್ಕ ಹೊಲದಿದ್ದ ಕನ್ನಡಿ ಬಿಲ್ಲೆ ನಾಕ ಬಿಚ್ಚಿ ಕೊಡು. ಆಮ್ಯಾಲ ಹೊಲದ ಕೊಡ್ತೀನಿ."

"ಯಾ ಅಲ್ಲಾ, ಇದರ ಮದಿವಿ ಐತೇನ್ರಿ ವೈನಿ?" ಎನ್ನುತ್ತಲೇ ಜುಬೇದಾ ಹಲ್ಲಿನಿಂದ ದಾರ ಕಡಿದಳು.

ನಾಲ್ಕು ಬಿಲ್ಲೆಗಳನ್ನು ಡಿಶ್ಶಿನ ಒಡಲಿಗೆ ಅಲ್ಲಲ್ಲಿ ಟೇಪಿನಿಂದ ಅಂಟಿಸಿದಳು. ನಾಲ್ಕು ಬೆಳಕಿನ ಚುಕ್ಕೆಗಳು ಹೆಂಗಸರ ಸೀರೆಗಳ ಮೇಲೆ, ಗೋಡೆಯ ಮೇಲೆ ಓಡಾಡಿದವು. ಗಡಿಯಾರ ನೋಡುತ್ತ, ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಎತ್ತುತ್ತ ಹೋದಳು. ಹನ್ನೊಂದು ಹದಿಮೂರಕ್ಕೆ ನಾಲ್ಕೂ ಚುಕ್ಕೆಗಳು ಎಲ್‌ಎನ್‌ಬಿಯ ಬಿಳಿ ಟೊಪ್ಪಿಗೆಯ ಮೇಲೆ ಒಂದಾದವು. ಸೂರ್ಯನ ಬೆಳಕು ಬಿದ್ದಲ್ಲೇ ಅವನೆದುರಿನ ಉಪಗ್ರಹದ ಅಲೆಯೂ ಬೀಳಬೇಕು. "ಹಿಡಿ," ಎಂದಳು. ಜುಬೇದಾ ಹಿಡಿದಳು. ಪಾನಾ ಹಾಕಿ ನಟ್ಟು ಬಿಗಿದು, ಬಿಲ್ಲೆ ಕಿತ್ತಳು.

ಒಳಗೆ ಟೀವಿ ನೀಲಿಯಾಗಿಯೇ ಇತ್ತು. ಸಿಗ್ನಲ್ ಇಲ್ಲ.

"ಕಾಕು ಡಿಶ್ಶಿಗಿ ಸಿಂಗಾರ ಮಾಡಿದ್ದ ಬಂತು!" ಎಂದು ಸಂಗ್ರಾಮ ಮೇಲಿನಿಂದಲೇ ನಕ್ಕ. ರಾವಸಾಹೇಬನಿಗೆ ಹೆಂಡತಿ ಸೋತದ್ದು ಒಳಗೊಳಗೇ ಸಮಾಧಾನ ತಂದಿತ್ತು. "ಕಾಲೇಜಿನ ಶಾಣ್ಯಾತನ ಕಾಲೇಜಿನಾಗ ಉಳೀತಲ್ಲ," ಎಂದ. ಮಲಕಾರಿ ಹಾರ್ನ್ ಒತ್ತಿದ. ಇಬ್ಬರು ಹೆಂಗಸರು ಬುತ್ತಿ ಎತ್ತಿಕೊಂಡು ಟೆಂಪೋದತ್ತ ನಡೆದರು.

"ಹತ್ತ ಮಿನಿಟ ತಡೀರಿ," ಎಂದಳು ಸೋನಾಬಾಯಿ. ಹೇಳಿದ್ದು ಜುಬೇದಾಳಿಗೆ. "ಈಗ ಸೂರ್ಯ ಆ ಉಪಗ್ರಹದ ಹಿಂದ ಬಂದ ನಿಂತಾನ. ಅವನ ಗದ್ದಲದಾಗ ಅದರ ಸಣ್ಣ ದನಿ ಕೇಳವಲ್ದು. ಅವ ಸರದ ಕೂಡಲೇ ಕೇಳ್ತೈತಿ."

"ಸೂರ್ಯ ಗದ್ದಲ ಮಾಡ್ತಾನೇನ್ರಿ?"

"ಇವರಿಬ್ಬರ ನಡುವ ನನ್ನ ಮಾತು ನಿನಗ ಕೇಳಿಸ್ತೇನು? ಹಂಗ."

ಜುಬೇದಾ ಶೆಡ್ಡಿನ ಮೇಲಿದ್ದ ಸಂಗ್ರಾಮನನ್ನೊಮ್ಮೆ, ಬಾಗಿಲಲ್ಲಿದ್ದ ರಾವಸಾಹೇಬನನ್ನೊಮ್ಮೆ ನೋಡಿದಳು. ಅವಳಿಗೆ ಉಪಗ್ರಹ ತಿಳಿಯಲಿಲ್ಲ, ಆ ಎರಡು ಬಾಯಿ ತಿಳಿದವು. ಏಳು ವರ್ಷದಿಂದ ಈ ಶೆಡ್ಡಿನ ಮಣೂಕ ಆರಿಸಿದವಳು ಅವಳು. ಸೋನಾಬಾಯಿ ಅಳೆದದ್ದು ಒಂದು ಸಲವೂ ಕೆಟ್ಟಿರಲಿಲ್ಲ.

"ಏ ತಬಸ್ಸುಮ, ತಿರುಗಿ ಬಾ ಇಲ್ಲಿ! ಹನ್ನೊಂದೂವರಿ ತನಕ ಯಾರೂ ಹತ್ತೂದಿಲ್ಲ. ಮಲಕಾರಿ, ಡೀಸೆಲ್ ಸುಡಬ್ಯಾಡೋ, ಅದೇನ ನಿಮ್ಮಪ್ಪಂದೇನ?"

ಸೋನಾಬಾಯಿ ಕೈ ಕಟ್ಟಿಕೊಂಡು ನಿಂತಳು. ಲೆಕ್ಕ ಸರಿ, ಆದರೆ ಕೈ? ಒಂದೆರಡು ಡಿಗ್ರಿ ಜಾರಿದ್ದರೆ? ಗಡಿಯಾರದಲ್ಲಿ ಹನ್ನೊಂದು ಹದಿನೈದು. ಹದಿನೇಳು. ಬಲೆಯ ಮೇಲಿನ ನಾಲ್ಕು ಟನ್ ಹಸಿರು ಅವಳ ಬೆನ್ನಿಗೆ ಒತ್ತುತ್ತಿತ್ತು. ಹತ್ತೊಂಬತ್ತು.

ಇಪ್ಪತ್ತಕ್ಕೆ ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು ಚೆಲ್ಲಿದವು. ಚೌಕಗಳು ಸೇರಿ ಒಂದು ಮೂಗಾಯಿತು, ಮೂಗಿಗೆ ನತ್ತು ಬಂತು, ಆಮೇಲೆ ರೇಷ್ಮೆ ಸೀರೆಯುಟ್ಟು ಒಲೆಯ ಮುಂದೆ ಅಳುವ ಸೊಸೆಯೊಬ್ಬಳು ಪೂರ್ತಿ ಮೂಡಿದಳು. ಹೆಂಗಸರು ಹೋ ಎಂದರು. ಇದಕ್ಕಾಗಿ ತ್ರಿಕೋನಮಿತಿ ಬೇಕಾಯಿತೇ ಎಂದು ಸೋನಾಬಾಯಿಗೆ ಒಂದು ಗಳಿಗೆ ನಾಚಿಕೆಯಾಯಿತು. ಒಲೆಯ ಮುಂದೆ ಯಾವ ಮೂರ್ಖಳು ರೇಷ್ಮೆ ಉಡುತ್ತಾಳೆ?

ಜುಬೇದಾ ರಿಮೋಟು ಒತ್ತಿದಳು. ಅತ್ತೆಯೊಬ್ಬಳು ಮರಾಠಿಯಲ್ಲಿ ಬೈಯತೊಡಗಿದಳು.

"ನೋಡಲೇ ಸಂಗ್ರಾಮ," ಎಂದು ರಾವಸಾಹೇಬ ಅಂಗಳಕ್ಕೆ ಓಡಿಬಂದ. "ಮುಂಬೈ ಛತ್ರಿನೂ ಹಿಡ್ಯಾಕತ್ತೈತಿ!"

ಮುಂಬೈ ಛತ್ರಿಯ ಕೇಬಲ್ಲಿನ ತುದಿ ಗೋಡೆಯ ಪಕ್ಕದಲ್ಲಿ ನೇತಾಡುತ್ತಿತ್ತು. ಸೋನಾಬಾಯಿ ಅದನ್ನೆತ್ತಿ ಗಂಡನ ಕೈಗೆ ಕೊಟ್ಟಳು. "ಭದ್ರ ಹಿಡ್ಕೋರಿ. ಬಿಟ್ರ ಮರಾಠಿ ಹೋಗ್ತೈತಿ."

ಅವನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದ.

ಮಲಕಾರಿಯ ಟೆಂಪೋ ಖಾಲಿಯೇ ಹೋಯಿತು. ಹೆಂಗಸರು ಸಾಲಾಗಿ ಕೂತರು, ಬಲೆಯಿಂದ ಮಣೂಕ ಇಳಿಯತೊಡಗಿತು. ಸಂಜೆಗೆ ಮೊದಲ ಪೆಟ್ಟಿಗೆಗಳು ತುಂಬಿದವು. ಸೋನಾಬಾಯಿ ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿದಳು. ಹಸಿರಿತ್ತು.

ಮರುದಿನ ಹನ್ನೊಂದು ಹತ್ತರ ಸುಮಾರಿಗೆ ಚಿತ್ರ ಮತ್ತೆ ಒಡೆದು ನೀಲಿಯಾಯಿತು. ಹೀಗೆ ಇನ್ನೊಂದೆರಡು ದಿನ ಆಗುತ್ತದೆ ಎಂದು ಸೋನಾಬಾಯಿ ಬೆಳಗ್ಗೆಯೇ ಹೇಳಿದ್ದಳು. ಹೆಂಗಸರು ತಲೆ ಎತ್ತಲಿಲ್ಲ. ರಾವಸಾಹೇಬ ಮಾತ್ರ ಹಾರಿ ಎದ್ದ.

"ಸಂಗ್ರಾಮ! ಕೆಟ್ಟ ಹೋತಲೇ. ಆ ಸಣ್ಣ ಛತ್ರಿ ಸ್ವಲ್ಪ ಮುಂಬೈ ಕಡೆ ಸರಸು!"

"ಪಾನಾ ಎಲ್ಲೈತ್ರಿ ಕಾಕಾ?"

"ಇಲ್ಲೇ ಇತ್ತಲ. ಸೋನಾ, ಪಾನಾ ನೋಡಿದೇನು?"

"ಇಲ್ರಿ," ಎಂದಳು ಸೋನಾಬಾಯಿ. ಮಣೂಕದ ರಾಶಿಯ ಮುಂದೆ, ಪಾನಾದ ಮೇಲೆಯೇ ಕೂತಿದ್ದಳು. ಅದು ತೊಡೆಗೆ ಒತ್ತುತ್ತಿತ್ತು. ಜುಬೇದಾ ಅವಳತ್ತ ನೋಡದೆ ಒಂದು ಕೊಳೆತ ಕಾಳನ್ನು ಹೆಕ್ಕಿ ಬದಿಗೆಸೆದಳು.

ಗಂಡಸರಿಬ್ಬರೂ ಮೂಲೆ ಮೂಲೆ ಹುಡುಕಿದರು, ಜೀಪಿನಲ್ಲಿ, ತೊಟ್ಟಿಯ ಕೆಳಗೆ, ಗೊಬ್ಬರದ ಚೀಲಗಳ ಹಿಂದೆ. ಅಷ್ಟರಲ್ಲಿ ಸೂರ್ಯ ಸರಿದಿದ್ದ. ಒಲೆಯ ಮುಂದಿನ ಸೊಸೆ ಮತ್ತೆ ಅಳತೊಡಗಿದಳು.

"ನಾ ಹೇಳಿದ್ನಿಲ್ಲ, ತಾನ ಬರ್ತೈತಿ ಅಂತ?" ಎಂದ ರಾವಸಾಹೇಬ, ಹಣೆಯ ಬೆವರು ಒರೆಸಿಕೊಳ್ಳುತ್ತ.